ಮಳೆ ಜೋರಾಗುವ ಮೊದಲೇ ಮುಗಿಯಬೇಕಾದ ಕೆಲಸಗಳು

ಈಚಿನ ವರ್ಷಗಳ ದೊಡ್ಡ ಮಳೆ ಅನಾಹುತಗಳ ದಿನಾಂಕಗಳನ್ನು ಬರೆದುಕೊಂಡು ಪಕ್ಕದಲ್ಲಿ ಪಂಚಾಂಗ ಇಟ್ಟು ನೋಡಿ. ಕೊಡಗಿನ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಸುತ್ತ ಗುಡ್ಡಗಳು ಜಾರಿದ್ದು 2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತಿಗೆ. ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಟ್ಟಿಗೇ ಉಕ್ಕಿದ್ದು, ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿದದ್ದು ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ. ಆಗಲೂ ಆಶ್ಲೇಷ ಮಳೆಯೇ. 2020ರಲ್ಲಿ ತಲಕಾವೇರಿಯ ಬೆಟ್ಟ ಮನೆಗಳ ಮೇಲೆ ಬಿದ್ದದ್ದು ಆಗಸ್ಟ್ 6ರ ನಸುಕಿನಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ನದಿಗೆ ಜಾರಿದಾಗ ಪುನರ್ವಸು ಮಳೆ ನಡೆದಿತ್ತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದಾಗ ಪುಷ್ಯ.

ಈ ಪಟ್ಟಿಯಲ್ಲಿ ಜೂನ್ ತಿಂಗಳ ಮೃಗಶಿರ, ಆರಿದ್ರಾ ಮಳೆಗಳಿಲ್ಲ. ಜೂನ್ ತಿಂಗಳ ಮಳೆಯನ್ನು ನೆಲ ಕುಡಿಯುತ್ತದೆ. ಜುಲೈ ಮಧ್ಯ ದಾಟುವ ಹೊತ್ತಿಗೆ ಮಣ್ಣಿನ ಪದರ ನೀರಿನಿಂದ ತುಂಬಿ, ಕೆಳಗಿನ ಬಂಡೆಗೂ ಮೇಲಿನ ಮಣ್ಣಿಗೂ ನಡುವಿನ ಹಿಡಿತ ಸಡಿಲಗೊಂಡಿರುತ್ತದೆ. ಆ ಮೇಲೆ ಎರಡು ಮೂರು ದಿನ ಬಿಡದೆ ಹೊಯ್ದರೆ ಗುಡ್ಡ ಜಾರುತ್ತದೆ. ಜಲಾಶಯಗಳದೂ ಇದೇ ಕಥೆ. ಜೂನ್‌ನಲ್ಲಿ ತಳ ಕಾಣುತ್ತಿದ್ದ ಅಣೆಕಟ್ಟೆ ಆಗಸ್ಟ್‌ನಲ್ಲಿ ತುಂಬಿರುತ್ತದೆ, ಬಂದ ನೀರನ್ನೆಲ್ಲ ಹೊಳೆಗೇ ಬಿಡಬೇಕಾಗುತ್ತದೆ. ಅಂದರೆ ಮುಂಗಾರು ಕಾಲಿಟ್ಟ ಮೇಲೂ ನಮ್ಮ ಕೈಯಲ್ಲಿ ನಾಲ್ಕಾರು ವಾರ ಇರುತ್ತವೆ. ತಲಕಾವೇರಿಯಲ್ಲೂ ವಯನಾಡಿನಲ್ಲೂ ಗುಡ್ಡ ಬಂದದ್ದು ಜನ ಮಲಗಿದ್ದಾಗ. ನಡುರಾತ್ರಿ, ಕರೆಂಟ್ ಹೋಗಿ, ಮೊಬೈಲ್ ಸಿಗ್ನಲ್ ಸತ್ತಿರುವಾಗ, ಹೋಗಬೇಕೋ ಇರಬೇಕೋ ಎಂದು ಯಾರೂ ಸರಿಯಾಗಿ ಯೋಚಿಸಲಾರರು. ಆ ತೀರ್ಮಾನವನ್ನು ಮನೆಯವರೆಲ್ಲ ಕೂತು ಮೊದಲೇ ಮಾಡಿಡಬೇಕು. ಈ ಲೇಖನದಲ್ಲಿರುವ ಬೇರೆಲ್ಲ ಮಾತೂ ಅದರ ಸುತ್ತಲಿನದೇ.

ಮಳೆಯ ಲೆಕ್ಕ, ಹೊಳೆಯ ಲೆಕ್ಕ

ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಇದರ ಹಿಂದೆ ಮಳೆಯ ಅಳತೆಯಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 30-40ರ ಸೈಟಿನ ಮೇಲೆ 200 ಮಿಲಿಮೀಟರ್ ಸುರಿದರೆ ಇಪ್ಪತ್ತೆರಡು ಸಾವಿರ ಲೀಟರ್ ದಾಟುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಗೋಡೆಯ ಬುಡಕ್ಕೋ, ಮನೆಯ ಹಿಂದಿನ ಮಣ್ಣಿನ ಬರೆಯ ಒಳಕ್ಕೋ ಇಳಿಯುತ್ತದೆ.

ಕಾಫಿ ತೋಟದ ಅನೇಕ ಮನೆಗಳಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ಎದ್ದು ಇಂಚಿನಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಆ ಪುಸ್ತಕ ಇರುವವರು ಒಂದೇ ದಿನದ ಅಂಕಿ ನೋಡದೆ ಹಿಂದಿನ ಮೂರು ದಿನಗಳದನ್ನೂ ಕೂಡಿಸಿ ನೋಡಬೇಕು. ಇಂದು ನಾಲ್ಕು ಇಂಚು ಬಿದ್ದದ್ದಕ್ಕಿಂತ, ನಿನ್ನೆ ಮೊನ್ನೆಯದು ಸೇರಿ ಹದಿನಾಲ್ಕು ಆಗಿದೆಯೇ ಎಂಬುದು ಮುಖ್ಯ. ಮಾಪಕ ಇಲ್ಲದವರಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ನೆರವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಈ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ಅದರ ‘ವರುಣಮಿತ್ರ’ ಸಹಾಯವಾಣಿ 92433 45433ಕ್ಕೆ ಕರೆ ಮಾಡಿದರೆ ನಿಮ್ಮ ಹೋಬಳಿಯ ಮಳೆ ಮುನ್ಸೂಚನೆಯನ್ನು ಕನ್ನಡದಲ್ಲೇ ಹೇಳುತ್ತಾರೆ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಸಂಸ್ಥೆಯೊಂದು ರೂಪಿಸಿದ ‘ದಾಮಿನಿ’ ಆ್ಯಪ್ ಇದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕುರಿ ಕಾಯಲು, ಹೊಲಕ್ಕೆ ಹೋಗುವವರ ಫೋನಿನಲ್ಲಿ ಅದು ಇರಲೇಬೇಕು. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಗಟ್ಟಿ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಹೊರಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ.

ಕೃಷ್ಣಾ ತೀರದವರ ಲೆಕ್ಕ ಬೇರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಕಡೆ ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಹೊಳೆ ಊರಿಗೆ ನುಗ್ಗುತ್ತದೆ. ಮಳೆ ಬಿದ್ದಿರುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ. ಹಾಗಾಗಿ ಈ ಭಾಗದವರು ಆಕಾಶಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಕೊಯ್ನಾದ ಹೊರಹರಿವು, ರಾಜಾಪುರ ಬ್ಯಾರೇಜಿನ ಹರಿವು, ಕೆಳಗೆ ಆಲಮಟ್ಟಿಯಲ್ಲಿ ಎಷ್ಟು ಬಿಡುತ್ತಿದ್ದಾರೆ ಎಂಬ ಅಂಕಿಗಳನ್ನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಅಡಿ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಟಿತ್ತು. ದಿನಕ್ಕೆ ನಲವತ್ತು ಟಿಎಂಸಿಗೂ ಮೇಲೆ.

ಈ ಅಂಕಿಗಳನ್ನು ನಿಮ್ಮ ಮನೆಯ ಅಂಕಿಗಳನ್ನಾಗಿ ಮಾಡಿಕೊಳ್ಳುವ ಸುಲಭ ದಾರಿಯೊಂದಿದೆ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ, ಗುಡಿಯ ಗೋಡೆಯ ಮೇಲೋ ಶಾಲೆಯ ಕಂಬದ ಮೇಲೋ, ಬಣ್ಣದಲ್ಲಿ ಗೆರೆ ಎಳೆದು ವರ್ಷ ಬರೆಯಿರಿ. ಇನ್ನು ಮುಂದೆ ಹೊಳೆ ಏರಿದಾಗಲೆಲ್ಲ, ನೀರು ಊರಿನ ಸೇತುವೆ ಮುಟ್ಟಿದ ದಿನ, ಕೆಳಗಿನ ಓಣಿಗೆ ಬಂದ ದಿನ, ಮೇಲಿನ ಬ್ಯಾರೇಜಿನಲ್ಲಿ ಎಷ್ಟು ಕ್ಯೂಸೆಕ್ ಇತ್ತೆಂದು ಪತ್ರಿಕೆ ನೋಡಿ ಗೆರೆಯ ಪಕ್ಕದಲ್ಲೇ ಗುರುತು ಹಾಕಿ. ನಾಲ್ಕೈದು ಮಳೆಗಾಲ ಕಳೆದರೆ ಊರಿಗೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಆಮೇಲೆ ಟಿ.ವಿ.ಯಲ್ಲಿ ‘ಎರಡು ಲಕ್ಷ ಕ್ಯೂಸೆಕ್’ ಎಂದಾಗ ಯಾರ ಮನೆ ಖಾಲಿಯಾಗಬೇಕೆಂದು ಓಣಿಯ ಹುಡುಗರಿಗೂ ಗೊತ್ತಿರುತ್ತದೆ.

ಬರೆಯನ್ನು ಓದುವುದು

ಮಲೆನಾಡಿನಲ್ಲಿ, ಕರಾವಳಿಯ ಗುಡ್ಡದ ಅಂಚಿನಲ್ಲಿ ಮನೆ ಕಟ್ಟುವವರು ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಸಮತಟ್ಟು ಮಾಡುತ್ತಾರೆ. ಮನೆಯ ಹಿಂದೆ ನೇರವಾಗಿ ನಿಲ್ಲುವ ಮಣ್ಣಿನ ಗೋಡೆಯೇ ಬರೆ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿತು. ಮಳೆ ಜಾಸ್ತಿಯಾಯಿತು ಎಂದು ಆಕಾಶದ ಮೇಲೆ ಪೂರ್ತಿ ಹೊಣೆ ಹಾಕುವ ಹಾಗಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಬರೆಯ ನೆತ್ತಿಗೆ ಹತ್ತಿ ನೋಡಿ. ಅಂಚಿಗೆ ಸಮಾನಾಂತರವಾಗಿ ಬಿರುಕು ಇದೆಯೇ? ಇದ್ದರೆ ಜಿಗುಟು ಮಣ್ಣು ತುಂಬಿ ತುಳಿದು, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಸಿ ನೀರು ಒಳಗಿಳಿಯದಂತೆ ಮಾಡಿ. ಮೇಲಿನ ತೋಟದ ನೀರು ಬರೆಯ ಮೇಲೆ ಬೀಳದೆ ಪಕ್ಕಕ್ಕೆ ಹೋಗುವಂತೆ ಚರಂಡಿ ತೋಡಿ, ಇರುವ ಚರಂಡಿಯ ಕಸ ತೆಗೆಯಿರಿ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಮನೆಯ ಮೇಲ್ಭಾಗದಲ್ಲಿ, ಇಂಗುಗುಂಡಿ ಬೇಡ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ ಇಲ್ಲಿ ಗುಡ್ಡದ ಹೊಟ್ಟೆಗೆ ನೀರು ತುಂಬುತ್ತದೆ. ಬರೆಗೆ ಕಲ್ಲಿನ ತಡೆಗೋಡೆ ಕಟ್ಟಿಸುವುದಾದರೆ ಹಿಂದಿನ ನೀರು ಹೊರಬರಲು ಕೊಳವೆ ತೂತುಗಳನ್ನು ಬಿಡಿಸಿ. ತೂತು ಮುಚ್ಚಿದ ಗೋಡೆ ಅದರ ಹಿಂದೆ ನಿಂತ ನೀರಿನ ಭಾರಕ್ಕೇ ಒಂದು ದಿನ ಉರುಳುತ್ತದೆ.

ಮಳೆ ಹಿಡಿದ ಮೇಲೆ ಗಮನಿಸಬೇಕಾದದ್ದು ಬೇರೆ. ಮನೆಯ ನೆಲದಲ್ಲಿ, ಹಿತ್ತಿಲಲ್ಲಿ ಹಿಂದೆಂದೂ ಇಲ್ಲದ ಕಡೆ ಒರತೆ ಎದ್ದಿತೇ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಯಿತೇ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗಿ ಹಾಕಲು ಬಾರದಾಯಿತೇ, ನೆಟ್ಟಗಿದ್ದ ಕರೆಂಟ್ ಕಂಬ, ಸಿಲ್ವರ್ ಓಕ್ ಮರ ವಾಲಿತೇ? ಇವುಗಳಲ್ಲಿ ಯಾವೊಂದು ಕಂಡರೂ ಅಂದು ರಾತ್ರಿ ಆ ಮನೆಯಲ್ಲಿ ಮಲಗಬಾರದು. ಎಲ್ಲಕ್ಕಿಂತ ಅಪಾಯದ ಸೂಚನೆಯೆಂದರೆ, ಧೋ ಎಂದು ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಮರ ಅಡ್ಡಬಿದ್ದು ನೀರು ಕಟ್ಟಿಕೊಂಡಿದೆ, ಆ ಕಟ್ಟೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು ಎಂದು ಅದರ ಅರ್ಥ. ‘ಸದ್ಯ, ನೀರು ಇಳೀತು’ ಎಂದು ಸಮಾಧಾನಪಟ್ಟುಕೊಂಡು ತೋಡಿನ ಬದಿಯಲ್ಲೇ ಉಳಿಯಬಾರದು. ಓಡುವಾಗಲೂ ತೋಡಿನ ಗುಂಟ ಕೆಳಕ್ಕೆ ಓಡದೆ, ಅಡ್ಡಕ್ಕೆ, ಪಕ್ಕದ ಎತ್ತರಕ್ಕೆ ಹೋಗಬೇಕು.

ಹೊರಡುವ ತೀರ್ಮಾನ

ಜನ ಯಾಕೆ ಮನೆ ಬಿಡುವುದಿಲ್ಲ? ಅಧಿಕಾರಿಗಳು ‘ಹೇಳಿದರೆ ಕೇಳುವುದಿಲ್ಲ’ ಎಂದು ಬಿಡುತ್ತಾರೆ. ಆದರೆ ಬಿಡದಿರಲು ಪ್ರತಿ ಮನೆಗೂ ಗಟ್ಟಿ ಕಾರಣಗಳಿವೆ. ಹಾಲು ಕರೆಯುವ ಎಮ್ಮೆಗಳಿವೆ. ಅಜ್ಜಿಗೆ ಮೆಟ್ಟಿಲು ಇಳಿಯಲಾಗದು. ಬೀಗ ಹಾಕಿ ಹೋದರೆ ಕಳ್ಳತನದ ಭಯ. ಸೊಸೆ ಬಾಣಂತಿ, ಶಾಲೆಯ ಹಾಲ್‌ನಲ್ಲಿ ಎಲ್ಲರ ನಡುವೆ ಹೇಗೆ ಮಲಗಿಸುವುದು? ಇವೆಲ್ಲದರ ಮೇಲೆ ಹೊಳೆದಂಡೆಯಲ್ಲಿ ಎಲ್ಲೆಲ್ಲೂ ಕೇಳುವ ಮಾತು: ‘ಹೊಳಿ ಹೋದ ವರ್ಷನೂ ಬಂದಿತ್ರಿ, ಹೊಸ್ತಿಲಾ ಮುಟ್ಟಿ ಹೋತು.’ ಹಿಂದೆ ಉಳಿದುಕೊಂಡದ್ದೇ ಈ ಸಲವೂ ಉಳಿಯುತ್ತೇವೆ ಎಂಬ ಧೈರ್ಯ ಕೊಡುತ್ತದೆ. ಈ ಧೈರ್ಯಕ್ಕೆ ಬಲಿಯಾದವರು ಬಹಳ.

ಈ ಕಾರಣಗಳನ್ನು ಒಂದೊಂದಾಗಿ ಮೊದಲೇ ಬಗೆಹರಿಸಿಕೊಂಡರೆ ಆ ಹೊತ್ತಿಗೆ ಕಾಲು ಏಳುತ್ತದೆ. ಎತ್ತರದ ಜಾಗದಲ್ಲಿರುವ ಒಬ್ಬ ನೆಂಟರ ಮನೆಯನ್ನೋ ಪರಿಚಯದವರ ಮನೆಯನ್ನೋ ಗೊತ್ತುಮಾಡಿ, ಜುಲೈಗೆ ಮೊದಲೇ ಅವರೊಡನೆ ಮಾತಾಡಿಡಿ. ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ವಯಸ್ಸಾದವರು, ಬಸುರಿಯರು, ಬಾಣಂತಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕಿತ್ತಳೆ ಎಚ್ಚರಿಕೆಗೇ ಹೊರಡಲಿ, ಉಳಿದವರು ಕೆಂಪಿಗೆ. ಹೊಳೆದಂಡೆಯವರು ಬಣ್ಣದ ಬದಲು ತಮ್ಮ ಗೋಡೆಯ ಗುರುತನ್ನು ಇಟ್ಟುಕೊಳ್ಳಬಹುದು. ನಮ್ಮ ಮನೆಗಳಲ್ಲಿ ‘ಯಜಮಾನರು ಬರಲಿ, ಕೇಳೋಣ’ ಎಂದು ಕಾಯುವುದುಂಟು. ಯಜಮಾನರು ಪೇಟೆಗೆ ಹೋಗಿ ರಸ್ತೆ ಬಂದಾಗಿ ಅಲ್ಲೇ ಸಿಕ್ಕಿಬಿದ್ದಿರುತ್ತಾರೆ. ಮನೆಯಲ್ಲಿರುವ ಹೆಂಗಸೇ ತೀರ್ಮಾನ ಮಾಡಿ ಮಕ್ಕಳನ್ನು ಕರೆದುಕೊಂಡು ಹೊರಡಬಹುದೆಂದು ಮೊದಲೇ ಬಾಯಿಬಿಟ್ಟು ಹೇಳಿಡಿ.

ದನಕರುಗಳದು ಮೊದಲು. ಮುಂಗಾರಿಗೆ ಮುನ್ನ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಹಾಕಿಸಿ. ಕಿವಿಯೋಲೆಯ ಹನ್ನೆರಡು ಅಂಕಿ ಕಾಣುವಂತೆ ಒಂದೊಂದರದೂ ಫೋಟೊ ತೆಗೆದಿಡಿ. ನೀರು ಏರುವ ಸೂಚನೆ ಸಿಕ್ಕ ಕೂಡಲೇ ಎತ್ತರಕ್ಕೆ ಹೊಡೆದುಕೊಂಡು ಹೋಗಿ. ಅದಕ್ಕೂ ವೇಳೆಯಿಲ್ಲದಿದ್ದರೆ ಹಗ್ಗ ಬಿಚ್ಚಿ, ಬಿಚ್ಚಲಾಗದಿದ್ದರೆ ಕತ್ತರಿಸಿ. ಬಿಡಿಸಿದ ದನ ಈಜಿ ದಡ ಸೇರುತ್ತದೆ, ಕಟ್ಟಿದ ದನ ಕೊಟ್ಟಿಗೆಯಲ್ಲೇ ಸಾಯುತ್ತದೆ.

ಚೀಲದಲ್ಲಿ ಇರಬೇಕಾದದ್ದು ಟಾರ್ಚ್, ಪವರ್ ಬ್ಯಾಂಕ್, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಹದಿನೈದು ದಿನಕ್ಕಾಗುವಷ್ಟು, ವೈದ್ಯರ ಚೀಟಿ, ಮಗುವಿದ್ದರೆ ಅದರ ಸಾಮಾನು, ಪ್ಯಾಡ್, ಒಂದು ಜೊತೆ ಬೆಚ್ಚನೆ ಬಟ್ಟೆ, ಒಣ ತಿಂಡಿ, ಚಿಲ್ಲರೆ ಹಣ. ಎಟಿಎಂ, ಫೋನ್‌ಪೇ ಎರಡೂ ಕರೆಂಟ್ ಇಲ್ಲದ ಊರಿನಲ್ಲಿ ನಡೆಯುವುದಿಲ್ಲ. ಕಾಗದಪತ್ರಗಳ ಕಟ್ಟು ಬೇರೆ. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ಪಹಣಿ, ಹಕ್ಕುಪತ್ರ, ಮನೆ ಕಂದಾಯದ ರಸೀದಿ, ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ. ಇವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಒಂದೊಂದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ತಂಗಿಗೋ ವಾಟ್ಸ್‌ಆ್ಯಪ್ ಮಾಡಿ. ಹೊರಡುವ ಮುನ್ನ ಮೇನ್ ಸ್ವಿಚ್ ಇಳಿಸಿ, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ ಅವರ ಬಾಗಿಲು ತಟ್ಟಿ.

ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಎಲ್ಲ ತುರ್ತಿಗೆ 112, ಆಂಬುಲೆನ್ಸಿಗೆ 108, ತಂತಿ ಹರಿದುಬಿದ್ದರೆ 1912. ಇವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ದಾರಿಯಲ್ಲಿ ಹರಿಯುವ ನೀರನ್ನು ಎಂದೂ ಹಗುರಾಗಿ ಕಾಣಬೇಡಿ. ಅರ್ಧ ಅಡಿ ರಭಸದ ನೀರು ನಡೆಯುವವರ ಕಾಲು ಕೀಳುತ್ತದೆ, ಒಂದೆರಡು ಅಡಿ ನೀರು ಕಾರನ್ನು ತೇಲಿಸುತ್ತದೆ. ನಗರದವರಿಗೂ ಈ ಮಾತು ಸಲ್ಲುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಜೀವ ಕಳೆದುಕೊಂಡಳು. ಸುರಿದದ್ದು ಒಂದೇ ಸಂಜೆಯ ಮಳೆ. ಅಂಡರ್‌ಪಾಸಿನಲ್ಲಿ ನೀರು ಕಂಡರೆ ಆಳ ಅಳೆಯಲು ಹೋಗದೆ ಗಾಡಿ ತಿರುಗಿಸಿ.

ನೀರು ಇಳಿದ ಮೇಲೆ

ಸುದ್ದಿವಾಹಿನಿಯ ಕ್ಯಾಮೆರಾಗಳು ಹೊರಟುಹೋದ ಮೇಲೆ ಶುರುವಾಗುವ ವಾರಗಳೇ ಕುಟುಂಬಗಳನ್ನು ಹೆಚ್ಚು ಹಿಂಡುತ್ತವೆ. ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗಳು ನೆನೆದು ಭಾರವಾಗಿರುತ್ತವೆ. ಮಳೆ ನಿಂತ ಎರಡು ಮೂರು ದಿನಕ್ಕೆ, ಬಿಸಿಲು ಬಿದ್ದು ಒಣಗುವಾಗ, ಗೋಡೆ ಬಿರಿದು ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಗೋಡೆಯಡಿ ಸಿಕ್ಕವರು ಅನೇಕರು. ಆದ್ದರಿಂದ ಮನೆಗೆ ಹಿಂದಿರುಗಿದ ಮೊದಲ ದಿನ ಹೊರಗಿನಿಂದ ಸುತ್ತ ನೋಡಿ. ಗೋಡೆ ಉಬ್ಬಿದ್ದರೆ, ಮೂಲೆ ಬಿಟ್ಟಿದ್ದರೆ, ತೊಲೆ ಜಗ್ಗಿದ್ದರೆ ಒಳಗೆ ಹೋಗಬೇಡಿ. ಪಾತ್ರೆ ತರಲೆಂದು ಮಕ್ಕಳನ್ನು ಒಳಗೆ ಕಳಿಸಲೇಬೇಡಿ.

ಒಳಗೆ ಹೋದ ಮೇಲೆ ಮೊದಲ ಕೆಲಸ ಫೋಟೊ. ಕೆಸರು ತೊಳೆಯುವ ಮೊದಲೇ ನೀರಿನ ಗುರುತು, ಬಿದ್ದ ಗೋಡೆ, ಹಾಳಾದ ಸಾಮಾನು, ನೆನೆದ ಕಾಳಿನ ಚೀಲ ಎಲ್ಲದರ ಚಿತ್ರ ತೆಗೆಯಿರಿ. ಮನೆಯವರೊಬ್ಬರು ಚಿತ್ರದಲ್ಲಿರಲಿ. ಮುಳುಗಿದ ಮೀಟರ್, ಸ್ವಿಚ್ ಬೋರ್ಡ್, ಪಂಪ್‌ಸೆಟ್ ಒಣಗಿ, ವೈರಿಂಗ್ ಬಲ್ಲವರು ನೋಡುವ ತನಕ ಮೇನ್ ಹಾಕಬೇಡಿ. ಮುಳುಗಿದ ಬೈಕು, ಕಾರು, ಟ್ರ್ಯಾಕ್ಟರನ್ನು ‘ಒಮ್ಮೆ ನೋಡೋಣ’ ಎಂದು ಸ್ಟಾರ್ಟ್ ಮಾಡಿದರೆ ಎಂಜಿನ್ನೂ ಹೋಗುತ್ತದೆ, ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಮೂಲೆಗಳಲ್ಲಿ, ಹಾಸಿಗೆಯ ಮಡಿಕೆಯಲ್ಲಿ, ಒಲೆಯ ಬೂದಿಯಲ್ಲಿ ಹಾವು ಸೇರಿರುತ್ತವೆ. ಕೋಲಿನಿಂದ ತಟ್ಟಿ, ಸದ್ದು ಮಾಡಿ ನೋಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಬೇಡ. ಕೈಕಾಲು ಅಲುಗಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ.

ಬಾವಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆರೆ ಬಂದ ಊರಿನಲ್ಲಿ ವಾಂತಿಭೇದಿ ಹರಡುವುದು ಬಾವಿ, ಬೋರ್‌ವೆಲ್‌ಗಳ ಮೂಲಕ. ಮೊದಲು ಕೆಸರು ನೀರನ್ನು ಪಂಪ್ ಹಚ್ಚಿ ತೆಗೆಸಿ, ಹೊಸ ನೀರು ಬರಲು ಬಿಡಿ. ಬಾವಿಯ ಅಗಲ ಅಳೆಯಿರಿ, ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಆಳ ಅಳೆಯಿರಿ. ಆರು ಅಡಿ ಅಗಲದ ದುಂಡು ಬಾವಿಯಲ್ಲಿ ಹದಿನೈದು ಅಡಿ ನೀರಿದ್ದರೆ ಸುಮಾರು ಹನ್ನೆರಡು ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಎಂಬುದು ಸಾಮಾನ್ಯ ಲೆಕ್ಕ, ಅಂದರೆ ಮೂವತ್ತು ಗ್ರಾಂ. ನೆರೆ ನುಗ್ಗಿದ ಬಾವಿಗೆ ಅದರ ಎರಡರಷ್ಟು, ಅರವತ್ತು ಗ್ರಾಂ ಬೇಕು. ಕೈಯಂದಾಜು ಬೇಡ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಪೌಡರ್ ಮೂಗಿಗೆ ಘಾಟು ಹೊಡೆಯಬೇಕು. ಹೋದ ವರ್ಷದ ತೆರೆದ ಚೀಲದಲ್ಲಿ ಉಳಿದದ್ದಕ್ಕೆ ಶಕ್ತಿಯಿರುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಬಕೆಟ್ಟಿನ ಮುಕ್ಕಾಲು ಭಾಗ ನೀರು ತುಂಬಿ ಕಲಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ ಬೆರೆಸಿ. ಗಸಿಯನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಕಡಿಮೆಯೆಂದರೆ ಒಂದು ಗಂಟೆ ಬಿಡಬೇಕು. ಸಂಜೆ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ಒಳ್ಳೆಯದು. ಆಮೇಲೆ ಆರೋಗ್ಯ ಸಿಬ್ಬಂದಿಯನ್ನು ಕರೆಸಿ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷೆ ಮಾಡಿಸಿ. ಕುಡಿಯುವ ನೀರನ್ನು ಇಷ್ಟಾದ ಮೇಲೂ ಕೆಲವು ವಾರ ಕುದಿಸಿಯೇ ಕುಡಿಯಿರಿ.

ಕೆಸರಲ್ಲಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರ ಇರಬಹುದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ನೆರೆ ನೀರಲ್ಲಿ ಕೆಲಸ ಮಾಡಿದ್ದೆ’ ಎಂದು ಹೇಳಿ. ಕೆಲಸಕ್ಕೆ ಇಳಿಯುವ ಮೊದಲೇ ಅಲ್ಲಿ ಕೇಳಿದರೆ ತಡೆ ಮಾತ್ರೆಯ ಬಗ್ಗೆಯೂ ಹೇಳುತ್ತಾರೆ.

ಪರಿಹಾರದ ಕಾಗದ

ಕೇಂದ್ರ ಗೃಹ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾನದಂಡಗಳ ಪ್ರಕಾರ ವಿಪತ್ತು ಪರಿಹಾರ ನಿಧಿಯಿಂದ ಸಾವಿಗೆ 4 ಲಕ್ಷ ರೂಪಾಯಿ. ಕರ್ನಾಟಕ ಅದಕ್ಕೆ ಒಂದು ಲಕ್ಷ ಸೇರಿಸಿ 5 ಲಕ್ಷ ಕೊಡುತ್ತ ಬಂದಿದೆ. ಪೂರ್ತಿ ಬಿದ್ದ ಮನೆಗೆ ಬಯಲಲ್ಲಿ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ. ಹಾಲು ಕೊಡುವ ಹಸು, ಎಮ್ಮೆಗೆ 37,500, ಉಳುವ ಎತ್ತಿಗೆ 32,000, ಆಡು, ಕುರಿಗೆ 4,000. ಬೆಳೆಗೆ ಹೆಕ್ಟೇರಿಗೆ ಮಳೆಯಾಶ್ರಿತವಾದರೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರಿಗೆ ಮಿತಿ. ಶೇ 33ಕ್ಕಿಂತ ಕಡಿಮೆ ಹಾನಿಯಾದರೆ ಏನೂ ಇಲ್ಲ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುವುದೂ ಉಂಟು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ 5 ಲಕ್ಷ ಘೋಷಿಸಿತ್ತು. ಹಾಗಾಗಿ ಈಗಿನ ದರ ಎಷ್ಟೆಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಹತ್ತು ವರ್ಷ ಸಾಕಿದ ಅಡಿಕೆ ತೋಟ ಮಣ್ಣಿನಡಿ ಹೋದವನಿಗೆ ಹೆಕ್ಟೇರಿಗೆ ಇಪ್ಪತ್ತೆರಡೂವರೆ ಸಾವಿರ ಯಾವ ಲೆಕ್ಕಕ್ಕೂ ಸಾಲದು. ಆದರೂ ಬರಬೇಕಾದದ್ದನ್ನು ಬಿಡಬಾರದು.

ಹಣ ಸಿಗದೆ ಹೋಗುವುದು ಹೆಚ್ಚಾಗಿ ಸಣ್ಣ ಕೊರತೆಗಳಿಂದ. ಬೆಳೆ ಪರಿಹಾರ ಬರುವುದು ರೈತರ ನೋಂದಣಿ ಸಂಖ್ಯೆಯಾದ ‘ಫ್ರೂಟ್ಸ್’ ಐಡಿ ಇದ್ದವರ, ಆಧಾರ್ ಜೋಡಿಸಿದ ಖಾತೆಗೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ತೊಡಕು. ಪೌತಿ ಖಾತೆಯನ್ನು ಈ ಬೇಸಿಗೆಯಲ್ಲೇ ಮಾಡಿಸಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಯಾವ ಬೆಳೆ ನಮೂದಾಗಿದೆ ಎಂದು ಆ್ಯಪಿನಲ್ಲಿ ನೋಡಿ. ಜೋಳ ಬಿತ್ತಿದ್ದಲ್ಲಿ ಬೀಳು ಎಂದಿದ್ದರೆ ಆಗಲೇ ಆಕ್ಷೇಪಣೆ ಹಾಕಿ. ದನ ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ಕಾಗದ ಪಡೆಯಬೇಕು. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು, ಭೂಕುಸಿತ, ಮುಳುಗಡೆಯಂಥ ಸ್ಥಳೀಯ ಹಾನಿಯಾದ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕು, 14447 ಸಹಾಯವಾಣಿಗೂ ಹೇಳಬಹುದು. ನಿಮ್ಮ ಬೆಳೆಗೆ ಯಾವ ಹಾನಿ ಅನ್ವಯಿಸುತ್ತದೆ ಎಂಬುದನ್ನು ಕಂತು ಕಟ್ಟುವಾಗಲೇ ಕೇಳಿಕೊಳ್ಳಿ. ಮನೆಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ವಿಮೆ 2021ರ ಏಪ್ರಿಲ್‌ನಿಂದ ಇದೆ. ನೆರೆ, ಭೂಕುಸಿತ ಎರಡೂ ಅದರಲ್ಲಿ ಸೇರಿವೆ. ಮನೆ ಸಾಲ ಮಾಡಿ ಬರೆಯ ಕೆಳಗೆ ಕಟ್ಟಿದವರು ಇದನ್ನು ಖಂಡಿತ ವಿಚಾರಿಸಬೇಕು.

ಹಾನಿ ಸಮೀಕ್ಷೆಗೆ ಬಂದವರು ಮನೆಯನ್ನು ಯಾವ ವರ್ಗದಲ್ಲಿ ಬರೆದರೆಂದು ಅಂದೇ ಕೇಳಿ. ಒಪ್ಪಿಗೆಯಾಗದಿದ್ದರೆ ಫೋಟೊ ಇಟ್ಟು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಆಯಸ್ಸು ಕಡಿಮೆ.

ಕಾಗದವೇ ಇಲ್ಲದವರು

ಇಷ್ಟು ಹೇಳಿದ ಮೇಲೂ ಒಂದು ದೊಡ್ಡ ಸಮುದಾಯ ಹೊರಗೆ ಉಳಿಯುತ್ತದೆ. ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕರ ಹೆಸರಿನಲ್ಲಿ ಮನೆಯಿಲ್ಲ. ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಂಡವರಿಗೆ ಹಕ್ಕುಪತ್ರವಿಲ್ಲ. ಗೇಣಿಗೆ ಉಳುವವನ ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿರುವವನಿಗೆ. ಕೂಲಿ ನಿಂತ ದಿನಗಳಿಗೆ ಲೆಕ್ಕವೇ ಇಲ್ಲ. ಇಂಥವರು ಕನಿಷ್ಠ ಪಡಿತರ ಚೀಟಿ, ಮತದಾರರ ಚೀಟಿ, ಕರೆಂಟ್ ಬಿಲ್‌ನಂಥ ವಾಸದ ಪುರಾವೆ ಇಟ್ಟುಕೊಳ್ಳಬೇಕು. ಕಾಳಜಿ ಕೇಂದ್ರಕ್ಕೆ ಹೋದಾಗ ಅಲ್ಲಿನ ನೋಂದಣಿ ಪುಸ್ತಕದಲ್ಲಿ ಕುಟುಂಬದ ಎಲ್ಲರ ಹೆಸರೂ ಬರೆಸಬೇಕು. ಊರಿನ ಓದುಬರಹ ಬಲ್ಲವರು ಅವರ ಅರ್ಜಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಹಾಯ ಬೇರೊಂದಿಲ್ಲ.

ದೂರದಲ್ಲಿದ್ದು ನೆರವು ಕಳಿಸುವವರು ಹಳೆಯ ಬಟ್ಟೆಯ ಮೂಟೆ ಕಳಿಸದಿರಲಿ. ಅದನ್ನು ವಿಂಗಡಿಸುವುದೇ ಕೇಂದ್ರದವರಿಗೆ ಇನ್ನೊಂದು ಕೆಲಸ. ಹೊಸ ಒಳಉಡುಪು, ಚಾಪೆ, ಹೊದಿಕೆ, ಸೊಳ್ಳೆಪರದೆ, ಪ್ಯಾಡ್, ಬಕೆಟ್, ಫಿನಾಯಿಲ್, ಸಲಿಕೆ ಬೇಕಾಗುತ್ತವೆ. ಕಳಿಸುವ ಮುನ್ನ ಅಲ್ಲಿರುವವರಿಗೆ ಒಂದು ಫೋನ್ ಮಾಡಿ. ಎರಡು ವಾರ ಕಳೆದ ಮೇಲೆ ನೆರವು ನಿಂತುಹೋಗುತ್ತದೆ, ಕಷ್ಟ ನಿಂತಿರುವುದಿಲ್ಲ. ಆಗ ಮಕ್ಕಳ ಪುಸ್ತಕ, ಬ್ಯಾಗು, ಒಂದು ತಿಂಗಳ ದಿನಸಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಳೆ ಸದ್ದಿಗೇ ಬೆಚ್ಚುವ ಮಕ್ಕಳು, ನಿದ್ದೆ ಬಾರದ ದೊಡ್ಡವರು, ಸುಮ್ಮನೆ ಕೂತುಬಿಡುವ ಗಂಡಸರು ಪ್ರತಿ ಊರಿನಲ್ಲೂ ಉಳಿಯುತ್ತಾರೆ. ‘ಟೆಲಿ ಮಾನಸ್’ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನೊಂದವರಿಂದ ಕರೆ ಮಾಡಲಾಗದಿದ್ದರೆ ನೀವೇ ಮಾಡಿ ಫೋನ್ ಅವರ ಕೈಗೆ ಕೊಡಿ.

ಕೊನೆಗೆ ಸ್ಥಳಾಂತರದ ಪ್ರಶ್ನೆ. ಕೊಡಗಿನ ಸಂತ್ರಸ್ತರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆಗಳಾದವು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಊರಿಗೆ ಊರೇ ಕಟ್ಟಲಾಯಿತು. ಹಲವೆಡೆ ಜನ ಆ ಮನೆಗಳಿಗೆ ಹೋಗಲೇ ಇಲ್ಲ, ಹೋದವರಲ್ಲೂ ಕೆಲವರು ಹಳೆಯ ಊರಿಗೇ ಮರಳಿದರು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಣಜಕ್ಕೆ ಎಡೆಯಿಲ್ಲ, ಮದುವೆಯಾದ ಎರಡನೆಯ ಮಗನಿಗೆ ಕೋಣೆಯಿಲ್ಲ. ನಿಮ್ಮ ಊರಿಗೆ ಈ ಮಾತು ಬಂದಾಗ ಗ್ರಾಮಸಭೆಗೆ ಹೆಂಗಸರೂ ಕೂಲಿಯವರೂ ಹೋಗಿ ಕೂರಬೇಕು. ಹೊಲಕ್ಕೆ ಎಷ್ಟು ದೂರ, ನೀರು ಎಲ್ಲಿಂದ, ಶಾಲೆ ಬಸ್ ಯಾವಾಗ, ಹಕ್ಕುಪತ್ರ ಯಾರ ಹೆಸರಿಗೆ, ಕೊಟ್ಟಿಗೆಗೆ ಜಾಗ ಎಲ್ಲಿ ಎಂಬ ಐದೂ ಪ್ರಶ್ನೆಗಳನ್ನು ನಕ್ಷೆಗೆ ಒಪ್ಪಿಗೆ ಬೀಳುವ ಮೊದಲೇ ಕೇಳಿ, ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.